ಎಡ್ವರ್ಡ್: ಒಂದು ಹೆಸರಿನ ಹುಟ್ಟು ಮತ್ತು ಉಳಿವು

ಹೆಸರುಗಳ ನಿಘಂಟುಗಳು ಎಡ್ವರ್ಡ್ ಎಂಬುದಕ್ಕೆ ‘ಸಂಪತ್ತಿನ ಕಾವಲುಗಾರ’ ಎಂಬ ಅರ್ಥ ಕೊಡುತ್ತವೆ. ವ್ಯುತ್ಪತ್ತಿಯ ಮಟ್ಟಿಗೆ ಇದು ಸರಿ. ಹಳೆಯ ಇಂಗ್ಲಿಷಿನ ‘ಏಯಡ್‌ವೆಯರ್ಡ್’ ಎಂಬ ರೂಪದಲ್ಲಿ ಎರಡು ಪದಗಳಿವೆ: ‘ಏಯಡ್’ ಎಂದರೆ ಸಿರಿ, ಭಾಗ್ಯ, ‘ವೆಯರ್ಡ್’ ಎಂದರೆ ಕಾಯುವವನು. ಮೊದಲ ಪದವನ್ನು ಬರೀ ಹಣಕಾಸಿಗೆ ಇಳಿಸುವಂತಿಲ್ಲ. ಏಸುವಿನ ಗಿರಿಪ್ರವಚನವನ್ನು ಹಳೆಯ ಇಂಗ್ಲಿಷಿಗೆ ತಂದವರು ‘ಧನ್ಯರು’ ಎಂಬಲ್ಲಿ ಬಳಸಿದ್ದು ಇದೇ ಮೂಲದ ‘ಏಯಡಿಗ್’ ಎಂಬ ಪದವನ್ನು. ಆದರೆ ಹೆಸರಿಟ್ಟವರ ಮನಸ್ಸಿನಲ್ಲಿ ಈ ಅರ್ಥವಿತ್ತೆಂದು ನಿಘಂಟಿನ ಬಲದ ಮೇಲೆ ಹೇಳಲಾಗದು. ಎಡ್ವರ್ಡ್ ಎಂಬ ಹೆಸರು ಹುಟ್ಟಿದ್ದು ಕುಲದ ಗುರುತಾಗಿ, ಉಳಿದದ್ದು ಒಬ್ಬ ಸಂತನ ಆರಾಧನೆಯಿಂದ ಎಂಬುದು ನನ್ನ ವಾದ.

ಎರಡು ಪದ ಕೂಡಿಸಿ ಹೆಸರು ಕಟ್ಟುವ ಪದ್ಧತಿ ಗ್ರೀಕಿನಲ್ಲೂ ಸಂಸ್ಕೃತದಲ್ಲೂ ಉಂಟು. ಆಂಗ್ಲೋ-ಸ್ಯಾಕ್ಸನ್ನರಲ್ಲಿ ಅದು ವಂಶವನ್ನು ಸೂಚಿಸುವ ಸಾಧನವಾಯಿತು. ತಂದೆಯ ಹೆಸರಿನಿಂದ ಒಂದು ತುಂಡು, ತಾಯಿಯ ಹೆಸರಿನಿಂದ ಇನ್ನೊಂದು ತುಂಡು ತೆಗೆದು ಮಗುವಿಗೆ ಹೆಸರು ಕಟ್ಟುತ್ತಿದ್ದರು. 11ನೆಯ ಶತಮಾನದಲ್ಲಿ ವೂಸ್ಟರಿನ ಬಿಷಪ್ ಆಗಿದ್ದ ವುಲ್ಫ್‌ಸ್ಟಾನನ ತಂದೆ ಅಥೆಲ್‌ಸ್ಟಾನ್, ತಾಯಿ ವುಲ್ಫ್‌ಗಿಫು. ‘ವುಲ್ಫ್’ ಎಂದರೆ ತೋಳ, ‘ಸ್ಟಾನ್’ ಎಂದರೆ ಕಲ್ಲು. ತೋಳಕ್ಕೂ ಕಲ್ಲಿಗೂ ನಂಟು ಹುಡುಕುವುದು ವ್ಯರ್ಥ; ನಂಟಿದ್ದದ್ದು ತಂದೆತಾಯಿಗಳ ನಡುವೆ. ಈಡಿತ್ ಎಂಬ ಹೆಣ್ಣುಹೆಸರನ್ನು ಬಿಡಿಸಿದರೆ ‘ಭಾಗ್ಯ’ ಮತ್ತು ‘ಯುದ್ಧ’ ಸಿಗುತ್ತವೆ. ಎಡ್ವರ್ಡ್ ಎಂಬಲ್ಲಿ ತುಂಡುಗಳೆರಡೂ ಹೊಂದಿಕೊಂಡು ಸೊಗಸಾದ ಅರ್ಥ ಹೊಮ್ಮಿತು. ಆ ಸೊಗಸೇ ನಮ್ಮನ್ನು ದಾರಿ ತಪ್ಪಿಸುತ್ತಿದೆ.

ವೆಸೆಕ್ಸಿನ ರಾಜ ಆಲ್ಫ್ರೆಡ್ ತನ್ನ ಮಗನಿಗೆ ಈ ಹೆಸರಿಟ್ಟ. ಆ ಮಗ 899ರಿಂದ 924ರವರೆಗೆ ಆಳಿದ. ಆಲ್ಫ್ರೆಡನ ಚರಿತ್ರೆ ಬರೆದ ಆಸರ್, ರಾಣಿಯ ತಾಯಿ ಮರ್ಸಿಯಾ ರಾಜಕುಲದ ಈಡ್‌ಬುರ್ ಎಂದು ತಿಳಿಸುತ್ತಾನೆ. ‘ಏಯಡ್’ ಎಂಬ ತುಂಡು ವೆಸೆಕ್ಸಿನ ಅರಮನೆಗೆ ಈ ಅಜ್ಜಿಯ ಕಡೆಯಿಂದಲೇ ಬಂದಿರಬೇಕು. ನೆರೆರಾಜ್ಯದೊಡನೆ ಬೆಳೆದ ನೆಂಟಸ್ತಿಕೆಯನ್ನು ಆ ಹೆಸರು ಹೇಳುತ್ತಿತ್ತು. ಮುಂದೆ ಅದೇ ತುಂಡು ಮನೆತನದ ಮುದ್ರೆಯಾಯಿತು: ಆ ಎಡ್ವರ್ಡನ ಮಕ್ಕಳಲ್ಲಿ ಎಡ್ಮಂಡ್, ಈಡ್ರೆಡ್, ಮೊಮ್ಮಕ್ಕಳಲ್ಲಿ ಈಡ್ವಿಗ್, ಎಡ್ಗರ್. ಎಡ್ಗರನ ಮಗ ಇನ್ನೊಬ್ಬ ಎಡ್ವರ್ಡ್. 978ರಲ್ಲಿ ಕಾರ್ಫ್ ಎಂಬಲ್ಲಿ ಅವನ ಕೊಲೆಯಾಯಿತು. ಅವನ ಮಲತಮ್ಮ ಎಥೆಲ್ರೆಡ್ ರಾಜನಾದ ಮೇಲೆ ತುಂಡು ಜೋಡಿಸುವ ಗೋಜಿಗೇ ಹೋಗಲಿಲ್ಲ. ಹಿಂದಿನ ರಾಜರ ಹೆಸರುಗಳನ್ನು ಇಡಿಯಾಗಿ ತನ್ನ ಗಂಡುಮಕ್ಕಳಿಗೆ ಇಡುತ್ತಾ ಹೋದ. ಈ ಸಾಲಿನಲ್ಲಿ ಕೊನೆಗೆ ಬಂದವರಲ್ಲೊಬ್ಬ, 1042ರಿಂದ 1066ರವರೆಗೆ ಆಳಿದ, ಮುಂದೆ ಸಂತನೆನಿಸಿದ ಎಡ್ವರ್ಡ್. ಅಷ್ಟು ಹೊತ್ತಿಗೆ ಹೆಸರೆಂದರೆ ಪೂರ್ವಿಕರ ಸ್ಮರಣೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ವಿಲಿಯಂ, ರಾಬರ್ಟ್, ರಿಚರ್ಡ್ ಎಂಬ ಹೆಸರುಗಳು ಊರೂರಿಗೆ ಹಬ್ಬಿದವು. ಎಥೆಲ್ರೆಡ್, ವುಲ್ಫ್‌ಸ್ಟಾನ್ ಮುಂತಾದವು ಕೆಲವೇ ತಲೆಮಾರುಗಳಲ್ಲಿ ಬಳಕೆ ತಪ್ಪಿದವು. ಎಡ್ವರ್ಡ್ ಅಳಿಯಲಿಲ್ಲ. ಗೆದ್ದವರಿಗೇ ಆ ಹೆಸರು ಬೇಕಾಗಿತ್ತು. ತಾನು ಎಡ್ವರ್ಡನ ನ್ಯಾಯವಾದ ಉತ್ತರಾಧಿಕಾರಿ ಎಂದು ನಾರ್ಮನ್ನರ ದೊರೆ ವಿಲಿಯಂ ಸಾಧಿಸುತ್ತಿದ್ದ. 1086ರ ಡೂಮ್ಸ್‌ಡೇ ದಾಖಲೆ ಜಮೀನಿನ ಹಕ್ಕನ್ನು ಅಳೆಯುವಾಗ ‘ಎಡ್ವರ್ಡ್ ರಾಜನ ಕಾಲದಲ್ಲಿ’ ಯಾರ ಕೈಯಲ್ಲಿತ್ತು ಎಂದು ಪದೇ ಪದೇ ನಮೂದಿಸುತ್ತದೆ. ಸೋತ ಜನಾಂಗದ ರಾಜನೊಬ್ಬ ಗೆದ್ದವರ ಕಂದಾಯ ಪುಸ್ತಕದಲ್ಲಿ ಪ್ರಮಾಣವಾಗಿ ನಿಂತದ್ದು ಹೆಸರುಗಳ ಇತಿಹಾಸದಲ್ಲಿ ಬಹಳ ಮುಖ್ಯವಾದ ಸಂಗತಿ ಎಂದು ನಾನು ಭಾವಿಸುತ್ತೇನೆ.

1161ರಲ್ಲಿ ಪೋಪ್ ಮೂರನೆಯ ಅಲೆಕ್ಸಾಂಡರ್ ಎಡ್ವರ್ಡನನ್ನು ಸಂತನೆಂದು ಘೋಷಿಸಿದ. ಇಂಗ್ಲೆಂಡಿನ ರಾಜ ಮೂರನೆಯ ಹೆನ್ರಿಗೆ ಈ ಸಂತನ ಮೇಲೆ ಅಪಾರ ಭಕ್ತಿ. ಅವನ ಗೌರವಕ್ಕಾಗಿಯೇ 1245ರಿಂದ ವೆಸ್ಟ್‌ಮಿನ್‌ಸ್ಟರ್ ಅಬೆಯನ್ನು ಹೊಸದಾಗಿ ಕಟ್ಟಿಸಿದ. 1239ರಲ್ಲಿ ಹುಟ್ಟಿದ ಹಿರಿಯ ಮಗನಿಗೆ ಎಡ್ವರ್ಡ್ ಎಂದೂ ಮುಂದಿನ ಮಗನಿಗೆ ಮತ್ತೊಬ್ಬ ರಾಜಸಂತ ಎಡ್ಮಂಡನ ಹೆಸರನ್ನೂ ಇಟ್ಟ. ಫ್ರೆಂಚ್ ಮಾತಾಡುವ ಆಸ್ಥಾನದಲ್ಲಿ ‘ಏಯಡ್’ ಎಂಬುದರ ಅರ್ಥ ಯಾರಿಗೂ ಬೇಕಿರಲಿಲ್ಲ. ಬೇಕಿದ್ದದ್ದು ಸಂತನ ರಕ್ಷಣೆ. ಆ ಹಿರಿಯ ಮಗ, ಅವನ ಮಗ, ಮೊಮ್ಮಗ, ಹೀಗೆ ಮೂವರು ಎಡ್ವರ್ಡರು 1272ರಿಂದ 1377ರವರೆಗೆ ಒಬ್ಬರಾದ ಮೇಲೊಬ್ಬರು ಆಳಿದರು. ನಾರ್ಮನ್ ವಿಜಯಕ್ಕೆ ಮೊದಲಿನ ಮೂವರನ್ನು ಎಣಿಕೆಯಿಂದ ಬಿಟ್ಟದ್ದರಿಂದ, ಯಾವ ಸಂತನ ಹೆಸರು ಮರಳಿ ಬಂತೋ ಅವನಿಗೇ ಸಂಖ್ಯೆಯಿಲ್ಲ. ಇದು ನನಗೆ ನೋವಿನ ವಿಷಯ.

ಜನಸಾಮಾನ್ಯರ ಬಾಯಲ್ಲಿ ಎಡ್, ನೆಡ್, ಟೆಡ್ ಎಂಬ ಮುದ್ದು ರೂಪಗಳು ಹುಟ್ಟಿದವು. ‘ಮೈನ್ ಎಡ್’, ಅಂದರೆ ‘ನನ್ನ ಎಡ್’ ಎನ್ನುವಾಗ ಮೊದಲ ಪದದ ನಕಾರ ಎರಡನೆಯದಕ್ಕೆ ಅಂಟಿ ನೆಡ್ ಆಯಿತು.

ಹೆಸರು ಕಡಲನ್ನೂ ದಾಟಿತು. ಮೂರನೆಯ ಎಡ್ವರ್ಡನ ಮೊಮ್ಮಗಳು ಫಿಲಿಪ್ಪಾ ಪೋರ್ಚುಗಲ್ಲಿನ ರಾಣಿಯಾದಳು. ಅವಳ ಮಗ ಡುವಾರ್ಟೆ 1433ರಲ್ಲಿ ಅಲ್ಲಿಯ ಪಟ್ಟವೇರಿದ. ಡುವಾರ್ಟೆ ಎಂಬುದು ಎಡ್ವರ್ಡ್ ಹೆಸರಿನ ಪೋರ್ಚುಗೀಸ್ ರೂಪ. 16ನೆಯ ಶತಮಾನದ ಆರಂಭದ ವಿಜಯನಗರವನ್ನು ವರ್ಣಿಸಿದ ಡುವಾರ್ಟೆ ಬಾರ್ಬೋಸಾನ ಹೆಸರೂ ಇದೇ.