ಮಹಡಿ ಮೇಲಿನ ಉಪ್ಪಿನಕಾಯಿ

ಗೋರೆಗಾಂವ್‌ನಲ್ಲೋ ದೆಹಲಿಯ ಪ್ರಗತಿ ಮೈದಾನದಲ್ಲೋ ನಡೆಯುವ ವಸ್ತುಪ್ರದರ್ಶನಕ್ಕೆ ಹೋದಾಗ, ಬಾಗಿಲ ಹತ್ತಿರದ ದೊಡ್ಡ ಮಳಿಗೆಗಳನ್ನು ನೋಡಿ ಮುಗಿಸುವಷ್ಟರಲ್ಲಿ ನಮ್ಮ ಕಾಲು ಸೋತಿರುತ್ತದೆ. ಹಿಂದಿನ ಸಾಲಿನಲ್ಲಿ, 3 ಮೀಟರ್ ಉದ್ದ 3 ಮೀಟರ್ ಅಗಲದ ಜಾಗದಲ್ಲಿ, ಒಂದು ಮೇಜು ಎರಡು ಕುರ್ಚಿ ಹಾಕಿಕೊಂಡು ಕೂತವರ ಬಳಿಗೆ ಹೋಗುವವರು ಕಡಿಮೆ. ಬಾಡಿಗೆ, ಸಾಗಣೆ, ಊಟ, ವಸತಿ ಎಲ್ಲ ಸೇರಿದರೆ ಒಬ್ಬ ಸಣ್ಣ ವ್ಯಾಪಾರಿಯ ಎಷ್ಟೋ ತಿಂಗಳ ಉಳಿತಾಯ ಆ 9 ಚದರ ಮೀಟರ್‌ನಲ್ಲಿರುತ್ತದೆ. ಜನ ಇತ್ತ ಬಾರದೇ ಹೋದರೆ?

ಈ ಚಿಂತೆ ಹೊಸದಲ್ಲ. 1893ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಹೆನ್ರಿ ಹೈನ್ಜ್ ಎಂಬಾತನಿಗೂ ಇದೇ ಚಿಂತೆ ಹತ್ತಿತ್ತು. ಕೊಲಂಬಸ್ ಅಮೆರಿಕ ತಲುಪಿ 400 ವರ್ಷವಾದ ನೆನಪಿಗೆ ನಡೆದ ಆ ಮಹಾಪ್ರದರ್ಶನ ಮೇ 1ರಿಂದ ಅಕ್ಟೋಬರ್ 30ರವರೆಗೆ ನಡೆಯಿತು. ಎರಡೂವರೆ ಕೋಟಿಗೂ ಹೆಚ್ಚು ಭೇಟಿಗಳು ದಾಖಲಾದವು. ಆದರೆ ಹೈನ್ಜ್‌ನ ಉಪ್ಪಿನಕಾಯಿಗೆ ಜಾಗ ಸಿಕ್ಕಿದ್ದು ಕೃಷಿ ಭವನದ ಮಹಡಿಯ ಮೇಲೆ. ಕೆಳಗಿನ ಅಂತಸ್ತಿನಲ್ಲೇ ನೋಡಿ ನೋಡಿ ದಣಿದ ಜನ ಮೆಟ್ಟಿಲು ಹತ್ತುವ ಮನಸ್ಸು ಮಾಡಲಿಲ್ಲ.

ಹೈನ್ಜ್ ಮಳಿಗೆಯ ಸಿಂಗಾರ ಹೆಚ್ಚಿಸಲು ಹೋಗಲಿಲ್ಲ. ಮೇಲಕ್ಕೆ ಬಾರದವರಿಗೆ ಮೇಲಿನ ಸಿಂಗಾರ ಕಾಣುವುದಾದರೂ ಹೇಗೆ? ಅವನು ಚಿಕ್ಕ ಚೀಟಿಗಳನ್ನು ಅಚ್ಚು ಹಾಕಿಸಿ ಮೈದಾನದ ತುಂಬ ಹರಡಿಸಿದ. ಅವು ನೋಡಲು ಸಾಮಾನು ಜಮೆ ಮಾಡಿದಾಗ ಕೊಡುವ ಬಿಲ್ಲೆಯಂತಿದ್ದವು. ಇದನ್ನು ಹೈನ್ಜ್ ಮಳಿಗೆಗೆ ತಂದವರಿಗೆ ಉಚಿತ ಕಾಣಿಕೆ ಎಂಬುದು ಒಕ್ಕಣೆ. ನೆಲದ ಮೇಲೆ ಬಿದ್ದ ಚೀಟಿಯನ್ನು ಎತ್ತಿ ನೋಡದವರುಂಟೆ? ಹಾಗೆ ಬಂದವರಿಗೆ ಸಿಕ್ಕಿದ್ದು ಹಸಿರು ಸೌತೆಯ ಉಪ್ಪಿನಕಾಯಿಯ ಆಕಾರದ, ಮೇಲೆ ಹೈನ್ಜ್ ಹೆಸರಿದ್ದ ಬೆರಳಷ್ಟೂ ಉದ್ದವಿಲ್ಲದ ಒಂದು ಪದಕ. ಜನ ಎಷ್ಟು ನುಗ್ಗಿದರೆಂದರೆ ಮಹಡಿಯ ನೆಲಕ್ಕೆ ಅಡಿಯಿಂದ ಆಸರೆ ಕೊಡಬೇಕಾಯಿತು ಎನ್ನುತ್ತಾರೆ. ಅಂಥ ಹತ್ತು ಲಕ್ಷ ಪದಕಗಳು ಹಂಚಿಹೋದವು ಎಂಬ ಲೆಕ್ಕವೂ ಇದೆ.

ಆ ಹೊತ್ತಿಗೆ ಹೈನ್ಜ್ ಸಣ್ಣ ವ್ಯಾಪಾರಿಯಾಗಿರಲಿಲ್ಲ, ನಿಜ. ಆದರೆ ಈ ಬುದ್ಧಿ ಅವನು ಸಣ್ಣವನಾಗಿದ್ದಾಗಲೇ ಕಲಿತದ್ದು. 1869ರಲ್ಲಿ ಅವನು ಮೊದಲು ಮಾರಿದ ಸರಕು ಹಾರ್ಸ್‌ರ‍್ಯಾಡಿಷ್ ಎಂಬ ಖಾರದ ಬೇರಿನ ತುರಿ. ಬೇರೆಯವರು ಅದನ್ನು ಬಣ್ಣದ ಬಾಟಲಿಯಲ್ಲಿ ತುಂಬುತ್ತಿದ್ದರು. ಒಳಗೆ ಅಗ್ಗದ ಗೆಡ್ಡೆ ಬೆರೆಸಿದರೂ ಕಾಣುತ್ತಿರಲಿಲ್ಲ. ಹೈನ್ಜ್ ತಿಳಿಗಾಜಿನ ಬಾಟಲಿ ಬಳಸಿದ. ಕೊಳ್ಳುವವನ ಮನಸ್ಸಿನ ಅನುಮಾನಕ್ಕೆ ಬಾಟಲಿಯೇ ಉತ್ತರ ಹೇಳಿತು. 1875ರಲ್ಲಿ ಆ ವ್ಯಾಪಾರ ದಿವಾಳಿಯಾಯಿತು. ಮರುವರ್ಷ ಅವನು ಮತ್ತೆ ಶುರುಮಾಡಿದ.

ಅನುಮಾನಕ್ಕೆ ಕಣ್ಣೆದುರೇ ಉತ್ತರ ಕೊಡುವ ಈ ಕೆಲಸವನ್ನು ಅವನಿಗಿಂತ ಮೊದಲೇ ಇನ್ನೂ ದಿಟ್ಟವಾಗಿ ಮಾಡಿದವನು ಎಲೈಷಾ ಓಟಿಸ್. ಅವನದು ನ್ಯೂಯಾರ್ಕ್ ಬಳಿಯ ಯಾಂಕರ್ಸ್‌ನಲ್ಲಿ ಆಗಷ್ಟೇ ತೆರೆದ ಪುಟ್ಟ ಕಾರ್ಖಾನೆ. ಮಾಡುತ್ತಿದ್ದದ್ದು ಸಾಮಾನೆತ್ತುವ ಲಿಫ್ಟು. ಹಗ್ಗ ಹರಿದರೆ ಗತಿಯೇನು ಎಂದು ಎಲ್ಲರಿಗೂ ಭಯ. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಓಟಿಸ್ ತಾನೇ ಲಿಫ್ಟಿನ ಹಲಗೆಯ ಮೇಲೆ ನಿಂತು ಎತ್ತರಕ್ಕೆ ಏರಿ, ಹಗ್ಗ ಕತ್ತರಿಸಲು ಹೇಳಿದ. ಹಗ್ಗ ಬಿಗಿಯಾಗಿರುವವರೆಗೆ ಬಾಗಿರುತ್ತಿದ್ದ ಗಾಡಿಯ ಸ್ಪ್ರಿಂಗು, ಅದು ತುಂಡಾದೊಡನೆ ಚಾಚಿಕೊಂಡು ಎರಡೂ ಬದಿಯ ಹಲ್ಲುಪಟ್ಟಿಗಳಿಗೆ ಸಿಕ್ಕಿಕೊಂಡಿತು. ಹಲಗೆ ಸ್ವಲ್ಪ ಜಾರಿ ನಿಂತಿತು. ಈ ತಂತ್ರವನ್ನು ಚಿತ್ರಪಟ ಬರೆಸಿ ಗೋಡೆಗೆ ತೂಗುಹಾಕಿ ವಿವರಿಸಬಹುದಿತ್ತು. ಆದರೆ ಓದಿ ಹೋಗುವ ಭಯ ಅದಲ್ಲ.

ಜಾಗವೂ ಸರಿಯಿಲ್ಲದೆ, ನೋಡಿದರೆ ಬೆರಗಾಗುವಂಥದ್ದೇನೂ ಮೇಜಿನ ಮೇಲೆ ಇಲ್ಲದೆ ಹೋದವನು ಅಲೆಕ್ಸಾಂಡರ್ ಗ್ರಹಾಂ ಬೆಲ್. 1876ರ ಫಿಲಡೆಲ್ಫಿಯಾ ಪ್ರದರ್ಶನಕ್ಕೆ ಅವನು ಅರ್ಜಿ ಹಾಕಿದ್ದು ತಡವಾಗಿ. ಅವನ ಟೆಲಿಫೋನು ವಿದ್ಯುತ್ ಯಂತ್ರಗಳ ಜೊತೆಗಿರದೆ ಮ್ಯಾಸಚೂಸೆಟ್ಸ್ ರಾಜ್ಯದ ಶಿಕ್ಷಣ ವಿಭಾಗದಲ್ಲಿ ಕೂತಿತು. ಜೂನ್ 25, ಭಾನುವಾರ. ಸೆಕೆಯಲ್ಲಿ ಬಳಲಿದ್ದ ತೀರ್ಪುಗಾರರು ಅಷ್ಟಕ್ಕೇ ಆ ದಿನದ ಕೆಲಸ ಮುಗಿಸುವವರಿದ್ದರು. ಅವರ ಜೊತೆಗಿದ್ದ ಬ್ರೆಜಿಲ್ ಚಕ್ರವರ್ತಿ ಎರಡನೆಯ ಪೆಡ್ರೊ ಬೆಲ್‌ನನ್ನು ಗುರುತು ಹಿಡಿದ. ಬಾಸ್ಟನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಣದ ವಿಚಾರವಾಗಿ ಇಬ್ಬರಿಗೂ ಪರಿಚಯವಾಗಿತ್ತು. ಚಕ್ರವರ್ತಿ ಬಂದ, ಅವನ ಹಿಂದೆ ತೀರ್ಪುಗಾರರೂ ಬಂದರು. ಬೆಲ್ ಬರೀ ಮಾತಿನ ವಿವರಣೆಗೇ ನಿಲ್ಲಲಿಲ್ಲ. ಯಂತ್ರವನ್ನು ಅವರ ಕಿವಿಗೆ ಕೊಟ್ಟು, ತಾನು ದೂರ ಹೋಗಿ ಮಾತಾಡಿದ. ಇದನ್ನು ಅದೃಷ್ಟ ಎನ್ನಬಹುದು. ಆದರೆ ಮೇಳಕ್ಕೆ ಮೊದಲೇ ಮಾಡಿಕೊಂಡ ಪರಿಚಯ ಮೇಳದ ದಿನ ಕೈಹಿಡಿಯಿತು ಎಂಬುದೂ ಅಷ್ಟೇ ನಿಜ.

ಮೂವರಲ್ಲಿ ಯಾರೂ ಮಳಿಗೆಯ ಅಂದದಿಂದ ಗೆಲ್ಲಲಿಲ್ಲ. ಎದುರು ಬಂದವನ ಅನುಮಾನ ಯಾವುದು, ಅದಕ್ಕೆ ಒಂದು ನಿಮಿಷದಲ್ಲಿ ಅವನ ಕಣ್ಣಿಗೋ ಕಿವಿಗೋ ನಾಲಿಗೆಗೋ ಉತ್ತರ ಕೊಡುವುದು ಹೇಗೆ ಎಂಬುದನ್ನು ಯೋಚಿಸಿದ್ದರು. ಮಳಿಗೆಗೆ ಬರುವ ದಾರಿಯೂ ಮಳಿಗೆಯ ಭಾಗವೇ ಎಂಬುದು ಹೈನ್ಜ್‌ಗೆ ಗೊತ್ತಿತ್ತು.

ಇನ್ನೊಂದು ಮಾತು. ಹಗ್ಗ ಕತ್ತರಿಸಿದ ದಿನ ಚಪ್ಪಾಳೆ ಸಿಕ್ಕಿರಬಹುದು. ಜನರನ್ನು ಹೊತ್ತೊಯ್ಯುವ ಓಟಿಸ್‌ನ ಮೊದಲ ಲಿಫ್ಟು ನ್ಯೂಯಾರ್ಕಿನ ಹಾವೌಟ್ ಅಂಗಡಿಯಲ್ಲಿ ಓಡಿದ್ದು 1857ರಲ್ಲಿ, ಮೂರು ವರ್ಷದ ನಂತರ. ಹಾಗಾಗಿ ಮೇಳದ ಕೊನೆಯ ಸಂಜೆ ಗಲ್ಲಾ ಎಣಿಸಿ, ಹಾಕಿದ ಹಣ ಮುಳುಗಿತು ಎಂದು ಕೈಚೆಲ್ಲುವುದು ಅವಸರದ ಲೆಕ್ಕ. ಹೈನ್ಜ್ ಆ ಪುಟ್ಟ ಪದಕ ಮಾಡಿಸಿದ್ದು ಇದಕ್ಕೇ ಇರಬೇಕು. ಪೇಟೆಯಲ್ಲಿ ಸಿಗುವ ಯಾವುದೋ ಪೆನ್ನಿಗೆ ಹೆಸರು ಹಚ್ಚಿ ಕೊಟ್ಟಿದ್ದರೆ ಅದು ಬರೀ ಪೆನ್ನಾಗಿ ಉಳಿಯುತ್ತಿತ್ತು. ಉಪ್ಪಿನಕಾಯಿಯ ಪದಕ ಊರಿಗೆ ಹೋಗಿ ಕೋಟಿನಿಂದ ಕಳಚಿ ಬಿದ್ದರೂ, ಎತ್ತಿಕೊಂಡವರಿಗೆ ಉಪ್ಪಿನಕಾಯಿಯೇ ನೆನಪಾಗುತ್ತಿತ್ತು.