ಬದುಕಿರುವವರ ಜೀವನಚಿತ್ರ: ವಿಕಿಪೀಡಿಯದ ನೀತಿ

ಬದುಕಿರುವ ವ್ಯಕ್ತಿಗಳನ್ನು ಕುರಿತು ಏನು ಬರೆಯಬಹುದು, ಯಾವ ಆಧಾರದ ಮೇಲೆ ಬರೆಯಬಹುದು, ತಪ್ಪು ಕಂಡಾಗ ಎಷ್ಟು ಬೇಗ ತೆಗೆಯಬೇಕು ಎಂಬುದನ್ನು ಹೇಳುವ ವಿಕಿಪೀಡಿಯದ ನಿಯಮಗಳಿವು. ಇಂಗ್ಲಿಷ್ ವಿಕಿಪೀಡಿಯದಲ್ಲಿ 2005ರ ಡಿಸೆಂಬರಿನಲ್ಲಿ ರೂಪುಗೊಂಡ ಈ ನೀತಿಯನ್ನು ಸಂಪಾದಕರು ‘ಬಿಎಲ್‌ಪಿ’ (ಬಯಾಗ್ರಫೀಸ್ ಆಫ್ ಲಿವಿಂಗ್ ಪರ್ಸನ್ಸ್) ಎಂದು ಕರೆಯುತ್ತಾರೆ. ಇದು ಎಲ್ಲ ಜೀವಂತ ವ್ಯಕ್ತಿಗಳಿಗೂ ಅನ್ವಯಿಸುತ್ತದೆ. ಆದರೆ ಇದರ ನಿಜವಾದ ಪರೀಕ್ಷೆ ನಡೆಯುವುದು ಆರೋಪ ಹೊತ್ತ ರಾಜಕಾರಣಿ, ಮೊಕದ್ದಮೆ ಎದುರಿಸುತ್ತಿರುವ ನಟ, ಒಂದು ಗುಂಪಿಗೆ ಆರಾಧ್ಯರಾಗಿ ಇನ್ನೊಂದು ಗುಂಪಿಗೆ ದ್ರೋಹಿಯಾಗಿ ಕಾಣುವ ಲೇಖಕ ಇಂಥವರ ಪುಟಗಳಲ್ಲಿ.

ಹಿನ್ನೆಲೆ

2001ರ ಜನವರಿಯಲ್ಲಿ ಆರಂಭವಾದ ವಿಕಿಪೀಡಿಯಕ್ಕೆ ಮೊದಲ ಕೆಲವು ವರ್ಷ ಇಂಥ ಪ್ರತ್ಯೇಕ ನೀತಿ ಇರಲಿಲ್ಲ. ತಪ್ಪು ಸೇರಿದರೆ ಯಾರಾದರೊಬ್ಬರು ಬಂದು ತಿದ್ದುತ್ತಾರೆ ಎಂಬ ನಂಬಿಕೆಯೇ ಸಾಕೆನಿಸಿತ್ತು. ಆ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು ಅಮೆರಿಕದ ಪತ್ರಕರ್ತ ಜಾನ್ ಸೀಗೆನ್‌ಥಾಲರ್ ಅವರ ಪ್ರಕರಣದಲ್ಲಿ. ನ್ಯಾಶ್‌ವಿಲ್‌ನ ‘ದ ಟೆನೆಸ್ಸಿಯನ್’ ಪತ್ರಿಕೆಯ ಸಂಪಾದಕರಾಗಿದ್ದ ಅವರು 1960ರ ದಶಕದ ಆರಂಭದಲ್ಲಿ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ ಅವರಿಗೆ ಸಹಾಯಕರಾಗಿದ್ದರು. 1968ರಲ್ಲಿ ರಾಬರ್ಟ್ ಹತ್ಯೆಯಾದಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. 2005ರ ಮೇ ತಿಂಗಳಲ್ಲಿ, ಖಾತೆಯೂ ಇಲ್ಲದ ಯಾರೋ ಒಬ್ಬರು ಅವರ ಪುಟದಲ್ಲಿ, ಕೆನಡಿ ಸಹೋದರರಿಬ್ಬರ ಹತ್ಯೆಯಲ್ಲೂ ಇವರ ಕೈವಾಡದ ಶಂಕೆಯಿತ್ತು ಎಂದು ಬರೆದರು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಆ ಸುಳ್ಳನ್ನು ಯಾರೂ ತೆಗೆಯಲಿಲ್ಲ. ವಿಕಿಪೀಡಿಯದಿಂದ ನಕಲು ಮಾಡಿಕೊಳ್ಳುವ ಬೇರೆ ಜಾಲತಾಣಗಳಲ್ಲೂ ಅದು ಹರಡಿತು. ನವೆಂಬರ್ 29ರಂದು, 78ರ ವಯಸ್ಸಿನ ಸೀಗೆನ್‌ಥಾಲರ್ ‘ಯುಎಸ್‌ಎ ಟುಡೇ’ಯಲ್ಲಿ ಇದನ್ನೆಲ್ಲ ಬರೆದರು. ಸಹೋದ್ಯೋಗಿಯೊಬ್ಬನನ್ನು ನಗಿಸಲು ಮಾಡಿದ ತಮಾಷೆ ಅದು ಎಂದು ಬರೆದವರು ಒಪ್ಪಿ ಕ್ಷಮೆ ಕೇಳಿ ಕೆಲಸ ಬಿಟ್ಟರು. ಅವರನ್ನು ಮರಳಿ ಸೇರಿಸಿಕೊಳ್ಳಿ ಎಂದು ಮಾಲೀಕರಿಗೆ ಹೇಳಿದವರು ಸೀಗೆನ್‌ಥಾಲರ್ ಅವರೇ. ಮುಂದಿನ ತಿಂಗಳು ಇಂಗ್ಲಿಷ್ ವಿಕಿಪೀಡಿಯ, ಖಾತೆಯಿಲ್ಲದವರು ಹೊಸ ಲೇಖನ ಆರಂಭಿಸುವುದನ್ನು ತಡೆಯಿತು. ನೀತಿಯ ಮೊದಲ ಕರಡು ಸಿದ್ಧವಾದದ್ದೂ ಆಗಲೇ.

ಇಂಥ ಸುಳ್ಳು ಮಾಡುವ ಹಾನಿ ಮನನೋವಿಗೆ ಮುಗಿಯುವುದಿಲ್ಲ. ಅರ್ಮೇನಿಯನ್ನರ ನರಮೇಧವನ್ನು ನರಮೇಧವೆಂದೇ ಕರೆದ ಮೊದಲ ತುರ್ಕಿ ವಿದ್ವಾಂಸರಲ್ಲಿ ಒಬ್ಬರಾದ ತನರ್ ಅಕ್ಚಮ್, ಆ ಕಾರಣಕ್ಕೇ ತಮ್ಮ ದೇಶದ ರಾಷ್ಟ್ರವಾದಿಗಳ ದ್ವೇಷ ಕಟ್ಟಿಕೊಂಡವರು. 2007ರ ಫೆಬ್ರುವರಿಯಲ್ಲಿ ಉಪನ್ಯಾಸ ಕೊಡಲು ಹೋದ ಅವರನ್ನು ಮಾಂಟ್ರಿಯಲ್ ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ತಡೆದು ಕೂರಿಸಿದರು. ಅವರನ್ನು ಭಯೋತ್ಪಾದಕ ಎಂದು ಹೇಳಲು ಅಧಿಕಾರಿಗಳ ಕೈಯಲ್ಲಿದ್ದ ಆಧಾರ, ವಿರೋಧಿಗಳು ತಿರುಚಿದ್ದ ಅವರ ವಿಕಿಪೀಡಿಯ ಪುಟ. 2009ರ ಜನವರಿಯಲ್ಲಿ ಬರಾಕ್ ಒಬಾಮ ಪ್ರಮಾಣವಚನ ಸ್ವೀಕರಿಸಿದ ದಿನ, ಬದುಕಿದ್ದ ಸೆನೆಟರುಗಳಾದ ಎಡ್ವರ್ಡ್ ಕೆನಡಿ ಮತ್ತು ರಾಬರ್ಟ್ ಬರ್ಡ್ ತೀರಿಕೊಂಡರೆಂದು ಅವರ ಪುಟಗಳಲ್ಲಿ ಬರೆಯಲಾಯಿತು. ಇಂಥದ್ದನ್ನು ತಡೆಯಲು, ಹೊಸಬರ ತಿದ್ದುಪಡಿಗಳನ್ನು ಅನುಭವಿಗಳು ನೋಡಿದ ಮೇಲೆ ಪ್ರಕಟಿಸುವ ವ್ಯವಸ್ಥೆ ಜರ್ಮನ್ ವಿಕಿಪೀಡಿಯದಲ್ಲಿ 2008ರಿಂದಲೇ ಇತ್ತು. ಇಂಗ್ಲಿಷಿನಲ್ಲಿ ಅದರ ಸೀಮಿತ ರೂಪದ ಪ್ರಯೋಗ 2010ರಲ್ಲಿ ಶುರುವಾಯಿತು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ನಿನ ಆಡಳಿತ ಮಂಡಳಿ 2009ರ ಏಪ್ರಿಲ್‌ನಲ್ಲಿ, ಬದುಕಿರುವವರ ಲೇಖನಗಳನ್ನು ವಿಶೇಷ ಎಚ್ಚರದಿಂದ ನೋಡಿಕೊಳ್ಳುವಂತೆ ಎಲ್ಲ ಭಾಷೆಗಳ ಯೋಜನೆಗಳಿಗೂ ಕರೆ ಕೊಟ್ಟಿತು.

ನೀತಿಯ ತಿರುಳು

ಉಳಿದ ಲೇಖನಗಳಲ್ಲಿ ಆಧಾರವಿಲ್ಲದ ವಾಕ್ಯದ ಪಕ್ಕ ‘ಉಲ್ಲೇಖ ಬೇಕು’ ಎಂದು ಗುರುತು ಹಾಕಿ ಕಾಯುವುದುಂಟು. ಬದುಕಿರುವವರ ವಿಷಯದಲ್ಲಿ ಕಾಯುವಂತಿಲ್ಲ. ವಿವಾದಾಸ್ಪದವಾದ ಮಾತಿಗೆ ಆಧಾರವಿಲ್ಲದಿದ್ದರೆ, ಅದು ನಿಂದೆಯಾಗಲಿ ಹೊಗಳಿಕೆಯಾಗಲಿ, ಯಾರು ಬೇಕಾದರೂ ಕೂಡಲೇ ತೆಗೆಯಬಹುದು. ಮತ್ತೆ ಸೇರಿಸಬೇಕೆನ್ನುವವರೇ ಅದು ಸರಿಯೆಂದು ತೋರಿಸಬೇಕು. 2010ರಿಂದ, ಒಂದೂ ಉಲ್ಲೇಖವಿಲ್ಲದ ಹೊಸ ಜೀವನಚಿತ್ರಕ್ಕೆ ಗಡುವು ಕೊಟ್ಟು, ಅಷ್ಟರೊಳಗೆ ಆಧಾರ ಸಿಗದಿದ್ದರೆ ಅಳಿಸುವ ಕ್ರಮವೂ ಬಂದಿದೆ.

ಆಧಾರವೆಂದರೆ ಎಂಥದ್ದು ಎಂಬಲ್ಲಿ ಈ ನೀತಿ ಕಾನೂನಿಗಿಂತ ಬಿಗಿ. ‘ಆಟೋ ಶಂಕರ್’ ಪ್ರಕರಣವೆಂದೇ ಹೆಸರಾದ 1994ರ ರಾಜಗೋಪಾಲ್ ತೀರ್ಪಿನಲ್ಲಿ ಭಾರತದ ಸುಪ್ರೀಂ ಕೋರ್ಟ್, ನ್ಯಾಯಾಲಯದ ಕಡತವೂ ಸೇರಿದಂತೆ ಸಾರ್ವಜನಿಕ ದಾಖಲೆಗಳಲ್ಲಿರುವುದನ್ನು ವ್ಯಕ್ತಿಯ ಅನುಮತಿಯಿಲ್ಲದೆಯೂ ಪ್ರಕಟಿಸಬಹುದು ಎಂದಿತು. ಲೈಂಗಿಕ ದೌರ್ಜನ್ಯದಂಥ ಅಪರಾಧಗಳಿಗೆ ಒಳಗಾದ ಮಹಿಳೆಯರ ಗುರುತನ್ನು ಮಾತ್ರ ಅದರಿಂದ ಹೊರಗಿಟ್ಟಿತು. ವಿಕಿಪೀಡಿಯ ಅಷ್ಟು ಸ್ವಾತಂತ್ರ್ಯ ಕೊಡುವುದಿಲ್ಲ. ಎಫ್‌ಐಆರ್, ಆರೋಪಪಟ್ಟಿ, ಸಾಕ್ಷಿಯ ಹೇಳಿಕೆ ಇವನ್ನು ನೇರವಾಗಿ ಆಧಾರವಾಗಿಟ್ಟುಕೊಂಡು ಬದುಕಿರುವವರ ಮೇಲೆ ಆರೋಪ ಬರೆಯುವಂತಿಲ್ಲ. ವಿಶ್ವಾಸಾರ್ಹ ಪತ್ರಿಕೆಯೋ ಪುಸ್ತಕವೋ ಅದನ್ನು ಪರಿಶೀಲಿಸಿ ಬರೆದಿರಬೇಕು. ಇದು ಸರಿಯಾದ ಬಿಗಿ. ಎಫ್‌ಐಆರ್ ಎಂಬುದು ದೂರಿನ ದಾಖಲೆಯೇ ಹೊರತು ಸತ್ಯಾಂಶದ ನಿರ್ಣಯವಲ್ಲ ಎಂಬುದು ಪೊಲೀಸ್ ಠಾಣೆ ಕಂಡವರಿಗೆಲ್ಲ ಗೊತ್ತು. ಯಾರೋ ತಮ್ಮ ಬ್ಲಾಗಿನಲ್ಲಿ, ಫೇಸ್‌ಬುಕ್ಕಿನಲ್ಲಿ ಇನ್ನೊಬ್ಬರ ಬಗ್ಗೆ ಬರೆದದ್ದಕ್ಕೂ ಇಲ್ಲಿ ಬೆಲೆಯಿಲ್ಲ. ಹೆಚ್ಚು ಮಾರಾಟವಾಗುವ ಪತ್ರಿಕೆ ಎಂಬುದೂ ಅರ್ಹತೆಯಲ್ಲ: ಬ್ರಿಟನ್ನಿನ ‘ಡೈಲಿ ಮೇಲ್’ ಅನ್ನು ಸಾಮಾನ್ಯವಾಗಿ ಆಧಾರವಾಗಿ ಬಳಸಬಾರದೆಂದು ಇಂಗ್ಲಿಷ್ ವಿಕಿಪೀಡಿಯದ ಸಂಪಾದಕರು 2017ರಲ್ಲಿ ತೀರ್ಮಾನಿಸಿದರು.

ಇನ್ನೊಂದು ಅಂಶ ಪ್ರಮಾಣ. ಒಂದೊಂದು ವಾಕ್ಯವೂ ನಿಜವಾಗಿದ್ದು ಒಟ್ಟು ಲೇಖನ ಅನ್ಯಾಯವಾಗಿರಬಹುದು. ನಲವತ್ತು ವರ್ಷ ಸಾರ್ವಜನಿಕ ಜೀವನದಲ್ಲಿದ್ದವರ ಪುಟದಲ್ಲಿ ಬದುಕು ಎರಡು ಪ್ಯಾರಾ, ‘ವಿವಾದಗಳು’ ಎಂಬ ಭಾಗ ಒಂಬತ್ತು ಪ್ಯಾರಾ ಇರುವುದು ಅಪರೂಪವೇನಲ್ಲ. ಟಿ.ವಿ.ಯಲ್ಲಿ ಗದ್ದಲವೆದ್ದ ದಿನ ಒಂದು ಸಾಲು, ಮರುದಿನ ಇನ್ನೊಂದು ಸಾಲು ಹೀಗೆ ಸೇರುತ್ತ ಹೋಗಿ ಪುಟ ಕಸದ ಬುಟ್ಟಿಯಂತಾಗುತ್ತದೆ. ಟೀಕೆಯನ್ನು ಪ್ರತ್ಯೇಕ ಭಾಗದಲ್ಲಿ ಗುಡ್ಡೆ ಹಾಕದೆ ಆಯಾ ಕಾಲದ, ಆಯಾ ಕೆಲಸದ ವಿವರಣೆಯೊಳಗೇ ಇಡುವುದು ಉತ್ತಮ ಸಂಪಾದಕರ ರೂಢಿ. ಹಾಗೆಂದು ಮುಚ್ಚಿಡುವುದಕ್ಕೂ ನೀತಿಯಲ್ಲಿ ಜಾಗವಿಲ್ಲ. ಸಾರ್ವಜನಿಕ ವ್ಯಕ್ತಿಯ ಮೇಲಿನ ಗಂಭೀರ ಆರೋಪವನ್ನು ಹಲವು ವಿಶ್ವಾಸಾರ್ಹ ಮೂಲಗಳು ವರದಿ ಮಾಡಿದ್ದರೆ, ಅವರಿಗೆ ಇಷ್ಟವಿರಲಿ ಇಲ್ಲದಿರಲಿ, ಅದು ಲೇಖನದಲ್ಲಿ ಇರಬೇಕು; ಅವರು ನಿರಾಕರಿಸಿದ್ದರೆ ಆ ನಿರಾಕರಣೆಯೂ ಇರಬೇಕು. ಒಂದೇ ಘಟನೆಯಿಂದ ಹೆಸರು ಹೊರಬಂದ ಸಾಮಾನ್ಯರ ವಿಷಯ ಬೇರೆ. ಶಿಕ್ಷೆಯಾಗುವ ಮೊದಲು ಅವರನ್ನು ಅಪರಾಧದೊಂದಿಗೆ ಜೋಡಿಸಿ ಬರೆಯಬೇಕೇ ಎಂದು ಗಂಭೀರವಾಗಿ ಯೋಚಿಸುವಂತೆ ನೀತಿ ಹೇಳುತ್ತದೆ. ಅವರಿಗೆ ಪ್ರತ್ಯೇಕ ಪುಟವಿಲ್ಲದಿರುವುದೇ ಬಹಳ ಸಲ ನ್ಯಾಯ.

ವ್ಯಕ್ತಿಯ ಸ್ವಂತ ಮಾತು

ತಮ್ಮ ಬಗ್ಗೆ ತಮಗೇ ಹೆಚ್ಚು ಗೊತ್ತಲ್ಲವೇ ಎಂದು ವ್ಯಕ್ತಿ ಕೇಳಿದರೆ ಉತ್ತರ ಸುಲಭವಲ್ಲ. ಕಾದಂಬರಿಕಾರ ಫಿಲಿಪ್ ರಾತ್ ತಮ್ಮ ‘ದ ಹ್ಯೂಮನ್ ಸ್ಟೇನ್’ ಕೃತಿಗೆ ಪ್ರೇರಣೆ ವಿಮರ್ಶಕ ಅನಟೋಲ್ ಬ್ರಾಯರ್ಡ್ ಎಂದು ವಿಕಿಪೀಡಿಯದಲ್ಲಿ ಬರೆದಿದ್ದುದನ್ನು ತಿದ್ದಿಸಲು ಹೋದಾಗ, ಬೇರೆ ಮೂಲ ಬೇಕು ಎಂಬ ಉತ್ತರ ಬಂತು. ಅವರು 2012ರ ಸೆಪ್ಟೆಂಬರಿನಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯ ಮೂಲಕ ವಿಕಿಪೀಡಿಯಕ್ಕೆ ಬಹಿರಂಗ ಪತ್ರ ಬರೆದು, ಪ್ರೇರಣೆ ತಮ್ಮ ಗೆಳೆಯ, ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಮೆಲ್ವಿನ್ ಟ್ಯೂಮಿನ್ ಅವರಿಗಾದ ಅನುಭವ ಎಂದರು. ಆ ಪತ್ರವೇ ಉಲ್ಲೇಖವಾಯಿತು. ರಾತ್ ಅವರ ಸಿಟ್ಟಿನಲ್ಲಿ ಅರ್ಥವಿತ್ತು. ಆದರೂ ನಿಯಮ ಸಡಿಲಿಸಿದರೆ ಅದರ ಲಾಭ ಪಡೆಯುವವರು ಲೇಖಕರಿಗಿಂತ ಅಧಿಕಾರಸ್ಥರೇ. ಅಮೆರಿಕದ ಸಂಸದರ ಸಿಬ್ಬಂದಿ ತಮ್ಮ ನಾಯಕರ ಪುಟಗಳಿಂದ ಅಹಿತಕರ ಸಂಗತಿಗಳನ್ನು ಅಳಿಸುತ್ತಿದ್ದದ್ದು 2006ರಲ್ಲೇ ಬಯಲಾಗಿತ್ತು. ಹಣ ಪಡೆದು ಬರೆಯುವವರು ಅದನ್ನು ಘೋಷಿಸಲೇಬೇಕೆಂಬ ಷರತ್ತು 2014ರಲ್ಲಿ ಬಂತು. ಮರುವರ್ಷ, ಪುಟ ಮಾಡಿಕೊಡುತ್ತೇವೆ, ಕಾಪಾಡುತ್ತೇವೆ ಎಂದು ಸಣ್ಣ ಉದ್ಯಮಗಳಿಂದಲೂ ಕಲಾವಿದರಿಂದಲೂ ಹಣ ಕೀಳುತ್ತಿದ್ದ ಜಾಲವೊಂದರ 381 ಖಾತೆಗಳನ್ನು ನಿರ್ಬಂಧಿಸಲಾಯಿತು.

ಭಾರತದಲ್ಲಿ

2022ರ ಸೆಪ್ಟೆಂಬರಿನಲ್ಲಿ ದುಬೈನಲ್ಲಿ ನಡೆದ ಏಷ್ಯಾ ಕಪ್ ಪಂದ್ಯದಲ್ಲಿ ಪಾಕಿಸ್ತಾನದ ವಿರುದ್ಧ ಕ್ಯಾಚ್ ಕೈಬಿಟ್ಟ ಯುವ ಬೌಲರ್ ಅರ್ಷದೀಪ್ ಸಿಂಗ್ ಅವರ ಪುಟದಲ್ಲಿ, ಅವರನ್ನು ಖಾಲಿಸ್ತಾನದೊಂದಿಗೆ ತಳಕು ಹಾಕುವ ಸುಳ್ಳನ್ನು ಸೇರಿಸಲಾಯಿತು. ಸ್ವಯಂಸೇವಕರು ನಿಮಿಷಗಳಲ್ಲಿ ಅದನ್ನು ತೆಗೆದು ಪುಟಕ್ಕೆ ರಕ್ಷಣೆ ಹಾಕಿದರು. ಆದರೆ ಅಷ್ಟರಲ್ಲೇ ಅದರ ಚಿತ್ರಗಳು ಎಲ್ಲೆಡೆ ಓಡಾಡಿದವು. ಕೇಂದ್ರ ಸರ್ಕಾರ ವಿಕಿಪೀಡಿಯದಿಂದ ವಿವರಣೆ ಕೇಳಿತು.

ಇಂಥ ಸುಳ್ಳಿಗೆ ಹೊಣೆ ಯಾರು? ಅಮೆರಿಕದ 1996ರ ಕಾನೂನು ಬಳಕೆದಾರರು ಬರೆದದ್ದಕ್ಕೆ ಜಾಲತಾಣವನ್ನು ಹೊಣೆ ಮಾಡುವುದಿಲ್ಲ. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ಅಂಥದೇ ರಕ್ಷಣೆಯನ್ನು ಷರತ್ತುಗಳೊಂದಿಗೆ ಕೊಡುತ್ತದೆ. ಬರೆದವರಿಗೆ ಮಾತ್ರ ಆ ರಕ್ಷಣೆಯಿಲ್ಲ: ಮಾನಹಾನಿ ಇಲ್ಲಿ ಇಂದಿಗೂ ಕ್ರಿಮಿನಲ್ ಅಪರಾಧ, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ವ್ಯಕ್ತಿಗಿಂತ ಸಂಸ್ಥೆಯೊಂದಕ್ಕೆ ಸಂಬಂಧಿಸಿದ್ದಾದರೂ, ಎಎನ್‌ಐ ಸುದ್ದಿಸಂಸ್ಥೆ ಅದೇ ತಿಂಗಳು ದೆಹಲಿ ಹೈಕೋರ್ಟಿನಲ್ಲಿ ತನ್ನ ಪುಟದ ಬಗ್ಗೆ ವಿಕಿಮೀಡಿಯ ಫೌಂಡೇಶನ್ನಿನ ವಿರುದ್ಧ 2 ಕೋಟಿ ರೂಪಾಯಿ ಪರಿಹಾರ ಕೇಳಿ ಹೂಡಿದ ಮೊಕದ್ದಮೆ ಈ ಕಾರಣಕ್ಕೇ ಮುಖ್ಯ. ಅದರಲ್ಲಿ ಸಂಪಾದಕರ ಗುರುತು ಬಿಟ್ಟುಕೊಡುವ ಪ್ರಶ್ನೆ ಎದ್ದಿತು. ಮೊಕದ್ದಮೆಯ ಬಗ್ಗೆಯೇ ಇದ್ದ ಪುಟವನ್ನು ತೆಗೆಯುವಂತೆ ಹೈಕೋರ್ಟ್ 2024ರ ಅಕ್ಟೋಬರಿನಲ್ಲಿ ಹೇಳಿತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2025ರ ಮೇ 9ರಂದು ರದ್ದುಪಡಿಸಿತು.

ಖಾಸಗಿತನದ ಕಡೆಯಿಂದಲೂ ಕಾನೂನು ಬೆಳೆದಿದೆ, ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ. ಅದೇ ವರ್ಷದ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಅಂತರಜಾಲದ ಹುಡುಕಾಟದಲ್ಲಿ ಮಗಳ ಹೆಸರು ಕಾಣದಂತೆ ಮಾಡಿ ಎಂದು ಬಂದ ತಂದೆಯೊಬ್ಬರ ಕೋರಿಕೆಗೆ ಸ್ಪಂದಿಸುತ್ತ, ಮರೆಯಲ್ಪಡುವ ಹಕ್ಕಿನ ಮಾತೆತ್ತಿತ್ತು.

ಕನ್ನಡದಲ್ಲಿ

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ನಿಯಮಿತವಾಗಿ ಬರೆಯುವವರು ಕಡಿಮೆ. ಕಣ್ಣಿಡುವವರು ಕಡಿಮೆಯಾದಷ್ಟೂ ತಪ್ಪು ಹೆಚ್ಚು ಕಾಲ ಉಳಿಯುತ್ತದೆ, ಆದ್ದರಿಂದ ಈ ನೀತಿಯ ಅಗತ್ಯ ದೊಡ್ಡ ಭಾಷೆಗಳಿಗಿಂತ ಇಲ್ಲೇ ಹೆಚ್ಚು. ಕನ್ನಡದ್ದೇ ಆದ ಒಂದು ತೊಡಕೂ ಇದೆ. ಪತ್ರಿಕೆಗಳ ಅಪರಾಧ ವರದಿಗಳಲ್ಲಿ ಬಂಧನವಾದ ಕೂಡಲೇ ‘ಅವರು’ ಹೋಗಿ ‘ಅವನು’ ಬರುವುದುಂಟು. ಆ ವರದಿಯನ್ನು ನೋಡಿಕೊಂಡು ಬರೆದ ಲೇಖನದಲ್ಲೂ ಏಕವಚನ ನುಸುಳಿದರೆ, ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟಂತೆ. ಲೇಖನದ ಮೊದಲ ಸಾಲಿನಲ್ಲಿ ಬಳಸಿದ ಗೌರವವಾಚಕವನ್ನೇ ಕೊನೆಯವರೆಗೂ ಬಳಸಬೇಕು. ಹೇಳಿದವರ ಹೆಸರು ಬಿಟ್ಟು ‘ಎನ್ನಲಾಗಿದೆ’ ಎಂದು ಮುಗಿಸುವ ವಾಕ್ಯಗಳನ್ನು ಯಾರು, ಎಲ್ಲಿ, ಯಾವಾಗ ಹೇಳಿದರು ಎಂದು ಬಿಡಿಸಿ ಬರೆಯಬೇಕು.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯೇ ಇದೆ. ಬಂಧನದ ದಿನ ಪುಟ ತಿದ್ದಲು ಹತ್ತು ಜನ ಬರುತ್ತಾರೆ; ವರ್ಷಗಳ ನಂತರ ಖುಲಾಸೆಯಾದ ದಿನ ಯಾರೂ ಬರುವುದಿಲ್ಲ. ಇಂಗ್ಲಿಷಿನಿಂದ ಅನುವಾದವಾದ ಪುಟಗಳ ಪಾಡೂ ಅದೇ: ಮೂಲದಲ್ಲಿ ತಿದ್ದುಪಡಿಯಾದರೂ ಕನ್ನಡದಲ್ಲಿ ಹಳೆಯ ಆರೋಪವೇ ಉಳಿದಿರುತ್ತದೆ. ಯಾರದೇ ಖುಲಾಸೆಯ, ಶಿಕ್ಷೆಯ ಅಥವಾ ಮೇಲ್ಮನವಿಯ ಸುದ್ದಿ ಪತ್ರಿಕೆಯಲ್ಲಿ ಕಂಡರೆ, ಅವರು ನಿಮಗೆ ಬೇಕಾದವರಾಗಲಿ ಬೇಡವಾದವರಾಗಲಿ, ಅಂದೇ ಅವರ ಕನ್ನಡ ಪುಟ ತೆರೆದು, ತಾರೀಖು ಮತ್ತು ಉಲ್ಲೇಖದೊಂದಿಗೆ ಆ ಒಂದು ಸಾಲನ್ನು ಸೇರಿಸಿ.