ಮಿಸಿಸಿಪಿಯ ದಡದ ಎರಡು ಊರುಗಳು

ಅಮೆರಿಕದ ದಕ್ಷಿಣ ಸೀಮೆಯ ಪೂರ್ವಚರಿತ್ರೆಯನ್ನು ಕಣ್ಣಾರೆ ಕಾಣಬೇಕೆಂದು ಹೊರಟು, ಒಂದೇ ಊರಿಗೆ ಸಾಲುವಷ್ಟು ಮಾತ್ರ ಬಿಡುವುಳ್ಳ ಯಾತ್ರಿಕನು, ಮಿಸಿಸಿಪಿ ಮಹಾನದಿಯ ಪೂರ್ವತೀರದಲ್ಲಿ ಸುಮಾರು 70 ಮೈಲಿಗಳ ಅಂತರದಲ್ಲಿ ಎತ್ತರವಾದ ಮಣ್ಣಿನ ದಿಬ್ಬಗಳ ಮೇಲೆ ನೆಲಸಿರುವ ವಿಕ್ಸ್‌ಬರ್ಗ್ ಮತ್ತು ನಾಚೆಜ್ ಎಂಬ ಪಟ್ಟಣಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಎರಡನ್ನೂ ಪೋಷಿಸಿದ್ದು ಆ ನದಿಯೇ, ಎರಡಕ್ಕೂ ಸಂಪತ್ತನ್ನು ತಂದದ್ದು ಹತ್ತಿಯೇ. ಆದರೆ ಗುಲಾಮಗಿರಿಯ ಪ್ರಶ್ನೆಯಿಂದ ಉತ್ತರ ದಕ್ಷಿಣ ಪ್ರಾಂತಗಳ ನಡುವೆ 1861ರಲ್ಲಿ ಮೊದಲಾದ ಅಂತರ್ಯುದ್ಧವು ಎರಡರ ಹಣೆಯಲ್ಲಿಯೂ ಬೇರೆಬೇರೆಯಾಗಿ ಬರೆಯಿತು.

ವಿಕ್ಸ್‌ಬರ್ಗಿನ ಮುಂದೆ ನದಿಯು ತೀವ್ರವಾಗಿ ಬಾಗಿ ಹರಿಯುತ್ತಿದ್ದುದರಿಂದ, ಆ ತಿರುವಿನಲ್ಲಿ ಸಾಗುವ ಹಡಗುಗಳೆಲ್ಲವೂ ದಿಬ್ಬದ ಮೇಲಿನ ಫಿರಂಗಿಗಳಿಗೆ ಗುರಿಯಾಗುತ್ತಿದ್ದವು. ತಿರುವನ್ನೇ ತಪ್ಪಿಸಬೇಕೆಂದು ಉತ್ತರ ಪಕ್ಷದವರು ಎದುರು ದಡದ ಭೂಶಿರಕ್ಕೆ ಅಡ್ಡಲಾಗಿ ಕಾಲುವೆ ತೋಡಿಸಿದರು, ಅದು ಫಲಿಸಲಿಲ್ಲ. ಕೊನೆಗೆ ಅವರ ಜನರಲ್ ಗ್ರಾಂಟನು 1863ರ ಮೇ ತಿಂಗಳಲ್ಲಿ ಊರಿಗೆ ಮುತ್ತಿಗೆ ಹಾಕಿದಾಗ, ನಿವಾಸಿಗಳು ಗುಂಡಿನ ಮಳೆಗೆ ಹೆದರಿ ದಿಬ್ಬಗಳಲ್ಲಿ ಗವಿಗಳನ್ನು ಕೊರೆದುಕೊಂಡು ಮಕ್ಕಳುಮರಿಗಳೊಡನೆ ಅವುಗಳಲ್ಲಿ ವಾಸಿಸಿದರು. ಹೇಸರಗತ್ತೆಯ ಮಾಂಸವನ್ನು ತಿಂದರು. ಕಾಗದ ತೀರಿದ ಮೇಲೆ ಗೋಡೆಗೆ ಅಂಟಿಸುವ ಚಿತ್ರಕಾಗದದ ಹಿಂಬದಿಯಲ್ಲಿ ವೃತ್ತಪತ್ರಿಕೆಯನ್ನು ಅಚ್ಚುಹಾಕಿದರು. ಜುಲೈ 4ರಂದು ಊರನ್ನು ಕಾಯುತ್ತಿದ್ದ ದಕ್ಷಿಣ ಪಕ್ಷದ ಜನರಲ್ ಪೆಂಬರ್ಟನ್ ಸುಮಾರು 29,000 ಸೈನಿಕರೊಡನೆ ಶರಣಾದನು. ಅಲ್ಲಿಯ ರಾಷ್ಟ್ರೀಯ ಶ್ಮಶಾನದಲ್ಲಿ ಮಲಗಿರುವ ಉತ್ತರ ಪಕ್ಷದ ಸುಮಾರು 17,000 ಯೋಧರ ಪೈಕಿ 13,000ದಷ್ಟು ಮಂದಿಯ ಹೆಸರು ಯಾರಿಗೂ ತಿಳಿಯದು. ಸೈನ್ಯವು ಸಾಧಿಸಲಾರದುದನ್ನು 1876ರಲ್ಲಿ ನದಿಯು ತಾನೇ ಸಾಧಿಸಿ, ಭೂಶಿರವನ್ನು ಕೊರೆದು ಬೇರೆ ದಾರಿ ಹಿಡಿಯಿತು. ನದಿಗಾಗಿಯೇ ರಕ್ತ ಸುರಿಸಿದ ಊರು ನದಿಯನ್ನು ಕಳೆದುಕೊಂಡು, 1903ರಲ್ಲಿ ಯಾಝೂ ನದಿಯ ನೀರನ್ನು ಕಾಲುವೆಯ ಮೂಲಕ ತನ್ನ ಕಟ್ಟೆಯ ಬಳಿಗೆ ತರಿಸಿಕೊಂಡಿತು.

ಇಷ್ಟೆಲ್ಲ ಇದ್ದರೂ ನನ್ನ ಆಯ್ಕೆ ನಾಚೆಜ್. 1716ರಲ್ಲಿ ಫ್ರೆಂಚರು ಕಟ್ಟಿದ ಕೋಟೆಯಿಂದ ಹುಟ್ಟಿ, ಬ್ರಿಟಿಷರ ಮತ್ತು ಸ್ಪೇನಿನವರ ಕೈದಾಟಿ, 1798ರಲ್ಲಿ ಅಮೆರಿಕಕ್ಕೆ ಸೇರಿದ ಈ ಊರು 1862ರ ಮೇ ತಿಂಗಳಲ್ಲಿ ಯುದ್ಧವಿಲ್ಲದೆ ಶರಣಾದುದರಿಂದಲೇ ಹತ್ತಿಯ ಧಣಿಗಳ ಸೌಧಗಳು ಇಂದಿಗೂ ಉಳಿದಿವೆ. 1932ರಿಂದ ಪ್ರತಿ ವಸಂತದಲ್ಲಿ ಅವುಗಳ ಬಾಗಿಲನ್ನು ಪ್ರವಾಸಿಗರಿಗೆ ತೆರೆಯುವ ಸಂಪ್ರದಾಯವೂ ಬೆಳೆದಿದೆ. ಆ ಸೌಧಗಳಲ್ಲಿ ನನ್ನನ್ನು ಬಹಳವಾಗಿ ಸೆಳೆಯುವುದು ಲಾಂಗ್‌ವುಡ್. ಹಾಲರ್ ನಟ್ ಎಂಬ ಧನಿಕನು 1860ರಲ್ಲಿ ಆರಂಭಿಸಿದ ಈ ಅಷ್ಟಕೋನದ ಭವನವನ್ನು, ಯುದ್ಧ ತೊಡಗಿದೊಡನೆ ಉತ್ತರದಿಂದ ಬಂದಿದ್ದ ಕುಶಲಕರ್ಮಿಗಳು ಅರ್ಧಕ್ಕೇ ಬಿಟ್ಟು ಹೋದರು. ಯೋಜಿಸಿದ್ದ 32 ಕೋಣೆಗಳಲ್ಲಿ ನೆಲಮಾಳಿಗೆಯ 9 ಮಾತ್ರ ಪೂರ್ಣಗೊಂಡವು. 1864ರಲ್ಲಿ ಧಣಿಯೂ ತೀರಿಕೊಂಡನು.

ಆದರೆ ಸೌಧದರ್ಶನಕ್ಕಿಂತ ಮೊದಲು ಯಾತ್ರಿಕನು ಊರಿನ ಪೂರ್ವದಿಕ್ಕಿನಲ್ಲಿರುವ ‘ಫೋರ್ಕ್ಸ್ ಆಫ್ ದಿ ರೋಡ್’ ಎಂಬ ಹಾದಿಕವಲಿಗೆ ಹೋಗಬೇಕು. 1808ರಲ್ಲಿ ಹೊರದೇಶದಿಂದ ಗುಲಾಮರನ್ನು ತರುವುದು ನಿಷೇಧಗೊಂಡ ಬಳಿಕ, ವರ್ಜೀನಿಯಾ ಮೊದಲಾದ ಪ್ರಾಂತಗಳ ಮನುಷ್ಯರನ್ನೇ ಸರಪಳಿಯಲ್ಲಿ ಸಾಲುಗಟ್ಟಿ ನಡೆಸಿಕೊಂಡೋ ಹಡಗುಗಳಲ್ಲಿ ತುಂಬಿಕೊಂಡೋ ಇಲ್ಲಿಗೆ ತಂದು, ಹೊಸ ಬಟ್ಟೆ ತೊಡಿಸಿ ನಿಲ್ಲಿಸಿ, ಹರಾಜಿಲ್ಲದೆ ಚೌಕಾಸಿಯಿಂದಲೇ ಮಾರುತ್ತಿದ್ದರು. ನ್ಯೂ ಆರ್ಲಿಯನ್ಸ್‌ನ ತರುವಾಯ ಆ ದಕ್ಷಿಣ ತುದಿಯ ಅತಿ ದೊಡ್ಡ ಗುಲಾಮಪೇಟೆ ಇದು. ಇದಕ್ಕೂ ಹಿಂದೆ, 1788ರಲ್ಲಿ, ಪಶ್ಚಿಮ ಆಫ್ರಿಕದ ಫುಟಾ ಜಲ್ಲಾನಿನ ರಾಜಪುತ್ರ ಅಬ್ದುಲ್ ರಹಮಾನ್ ಇದೇ ಊರಿನಲ್ಲಿ ಮಾರಾಟಗೊಂಡು, 40 ವರ್ಷ ಗುಲಾಮನಾಗಿ ದುಡಿದು, 1828ರಲ್ಲಿ ಬಿಡುಗಡೆ ಪಡೆದರೂ ತವರನ್ನು ಸೇರದೆ ಮರುವರ್ಷ ಲೈಬೀರಿಯಾದಲ್ಲಿ ಕಣ್ಣುಮುಚ್ಚಿದನೆಂಬುದನ್ನು ನೆನೆದಾಗ, ಆ ಸೌಧಗಳ ಶ್ವೇತಸ್ತಂಭಗಳನ್ನು ಬರಿಯ ಶಿಲ್ಪವೆಂದು ನೋಡಲು ನನಗೆ ಮನಸ್ಸು ಬರುವುದಿಲ್ಲ.

ಕನ್ನಡಿಗನಿಗೆ ಈ ವೃತ್ತಾಂತವು ತೀರ ಪರದೇಶದ್ದೂ ಅಲ್ಲ. ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಬೀಜವನ್ನು 1840ರ ದಶಕದಲ್ಲಿ ಧಾರವಾಡದ ಎರೆನೆಲದಲ್ಲಿ ಬಿತ್ತಿಸಿದ್ದರು. ಯುದ್ಧದಿಂದ ದಕ್ಷಿಣದ ಬಂದರುಗಳು ಮುಚ್ಚಿ ಲ್ಯಾಂಕಷೈರಿನ ಗಿರಣಿಗಳು ಹತ್ತಿಗಾಗಿ ಹಂಬಲಿಸಿದಾಗ, ನಮ್ಮ ರೈತನ ಬೆಳೆಗೂ ಹಿಂದೆಂದೂ ಕಾಣದ ಬೆಲೆ ಬಂದಿತು.

ವಿಕ್ಸ್‌ಬರ್ಗಿನ ಗೋರಿಗಳು ಏತಕ್ಕಾಗಿ ತೋಡಲ್ಪಟ್ಟವೆಂಬುದನ್ನು ಅರಿಯಬೇಕಾದವನು ‘ಫೋರ್ಕ್ಸ್ ಆಫ್ ದಿ ರೋಡ್’ ಕವಲಿನಲ್ಲಿ ನಿಲ್ಲಬೇಕಾದುದು ಅವಶ್ಯವೆಂದೇ ನಾನು ನಾಚೆಜನ್ನು ಮುಂದಿಡುತ್ತೇನೆ. ವಿಕ್ಸ್‌ಬರ್ಗ್ ಬಿದ್ದ ಕೆಲವೇ ದಿನಗಳಲ್ಲಿ, 1863ರ ಜುಲೈ ಮಧ್ಯದಲ್ಲಿ, ಉತ್ತರದ ಸೈನ್ಯವು ನಾಚೆಜಿನಲ್ಲಿ ಬೀಡುಬಿಟ್ಟಿತು. ಆ ಕವಲಿನಲ್ಲಿ ಗುಲಾಮರನ್ನು ಕೂಡಿಹಾಕುತ್ತಿದ್ದ ಕೊಟ್ಟಿಗೆಗಳನ್ನು ಅದೇ ವರ್ಷ ಸೈನಿಕರು ಕೆಡವಿ, ಆ ಮರಮುಟ್ಟನ್ನು ತಮ್ಮ ವಸತಿಗೃಹಗಳಿಗೆ ಬಳಸಿಕೊಂಡರು.